ಅಕ್ಕನ ಅಂಬಲಿಗೆ ನೆನೆಸಿದ ಗೋಧಿ

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದ ವರ್ಷ ಇಳಕಲ್ಲಿನಲ್ಲಿ ಬಿಸಿಲು ಬೇಗನೆ ಏರಿತ್ತು. ಮನೆಯಲ್ಲಿ ನಾವಿಬ್ಬರೇ. ನಾನು ಗಂಡ ತೀರಿದ ಮೇಲೆ ತವರಿಗೆ ಮರಳಿದವಳು. ಅವಳು ಮದುವೆಯ ಮಾತೆತ್ತಿದವರನ್ನೆಲ್ಲ ಬೈದು ಕಳಿಸಿ, ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಇದ್ದವಳು.

ಗಡ್ಡೆ ಕರಗಲೆಂದು ಕೊಡುವ ಇಂಜೆಕ್ಷನ್ ಎರಡು ಆಗುವಷ್ಟರಲ್ಲಿ ರೊಟ್ಟಿ ಕಂಡರೆ ಅವಳಿಗೆ ವಾಕರಿಕೆ. ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ಕೊಡಲಾಗದು ಎಂದರು ಬಾಗಲಕೋಟೆಯ ಡಾಕ್ಟರು. ಅಲ್ಲೇ ರೋಗಿಗಳಿಗೆ ಪಥ್ಯ ಹೇಳುವ ಹೆಣ್ಣುಮಗಳೊಬ್ಬಳು, ಗೋಧಿಗೆ ಮೊಳಕೆ ಬರಿಸಿ, ಒಣಗಿಸಿ, ಬೀಸಿ ಅಂಬಲಿ ಕುಡಿಸಿರಿ ಎಂದಳು. ಇಷ್ಟೇ ತಾನೆ, ಅನಿಸಿತು ನನಗೆ.

ನವರಾತ್ರಿಯಲ್ಲಿ ದೇವಿಯ ಘಟದ ಸುತ್ತ ವರ್ಷವರ್ಷವೂ ಗೋಧಿ ಬಿತ್ತುವ ಮನೆ ನಮ್ಮದು. ಸಸಿ ಎತ್ತರ ಬಂದಷ್ಟೂ ಮನೆಗೆ ಏಳಿಗೆ ಎಂದು ನಂಬಿದವರು. ಅದೇ ನಂಬಿಕೆಯನ್ನು ಅಂಬಲಿಗೂ ಹಚ್ಚಿದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿದ ಗೋಧಿಯನ್ನು ಒಲೆಯ ಬಳಿ ಬೆಚ್ಚಗೆ ಇಟ್ಟು, ಮೊಳಕೆ ಬೆರಳುದ್ದ ಬರುವವರೆಗೆ ಕಾದೆ. ಬಿಳಿ ಬೇರು ಬಟ್ಟೆಯನ್ನೇ ತೂರಿ ಹೊರಬಂದಾಗ ಎದುರುಮನೆಯವಳನ್ನು ಕರೆದು ತೋರಿಸಿದೆ. ಹುಳಿ ವಾಸನೆ ಬರುತ್ತಿತ್ತು, ನಾನು ಲಕ್ಷ್ಯ ಕೊಡಲಿಲ್ಲ. ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ಕೆಂಪಗಾಗುವಂತೆ ಹುರಿದು ಬೀಸಿಸಿದೆ.

ಅಂಬಲಿ ಅಂಟಿನ ಹಾಗೆ ಗಟ್ಟಿಯಾಯಿತು. ಅಕ್ಕ ಒಂದು ಗುಟುಕಿಗೇ ಮುಖ ಕಿವುಚಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಬೆಲ್ಲ ಹಾಕೇನಿ, ಹಾಲು ಹಾಕೇನಿ, ಇನ್ನ ನನ್ನ ತಲಿ ಹಾಕ್ಲೇನು?"

"ಬ್ಯಾಡವಾ, ಅದೂ ಕಹೀನ ಇರ್ತೈತಿ" ಎಂದಳು ಅಕ್ಕ. ಇಬ್ಬರೂ ನಕ್ಕೆವು. ಆಮೇಲೆ ಅಡುಗೆಮನೆಗೆ ಹೋಗಿ ನಾನೊಬ್ಬಳೇ ಅತ್ತೆ.

ಮುಂದಿನ ಸಲ ಹೋದಾಗ ಪಥ್ಯದ ಹೆಣ್ಣುಮಗಳು ತಿಳಿಸಿ ಹೇಳಿದಳು: "ಅಷ್ಟುದ್ದ ಬಿಡಬಾರದ್ರಿ. ಮೊಳಕಿ ಬೆಳ್ಯಾಕ ಕಾಳಿನ ಸತ್ವಾನ ತಿಂತೈತಿ. ಬಿಳಿ ತುದಿ ಕಂಡಕೂಡ್ಲೇ ನೆಳ್ಳಾಗ ಒಣಗಸ್ರಿ. ಮೊಳಕಿ ಬರೂತನಕ ತಂಪಿನ್ಯಾಗ ಇಡ್ರಿ, ನೀರು ಬದಲಸ್ರಿ. ಭಾಳ ಹುರದ್ರ ಅಂಬಲಿ ತೆಳ್ಳಗ ಮಾಡೂ ಗುಣ ಸತ್ತಹೋಗ್ತೈತಿ."

ಮನೆಯಲ್ಲಿ ತಂಪು ಉಳಿದಿದ್ದದ್ದು ಮಗ್ಗದ ಕುಣಿಯಲ್ಲಿ ಮಾತ್ರ. ಅಕ್ಕ ಕಾಲಿಡುತ್ತಿದ್ದ ಜಾಗದಲ್ಲಿ ಗೋಧಿಯ ಗಂಟು ಇಟ್ಟು, ಹೊತ್ತುಹೊತ್ತಿಗೆ ನೀರು ಬದಲಿಸಿದೆ. ತುದಿ ಇಣುಕಿದ ಕೂಡಲೇ ತೆಗೆದು ನೆರಳಿಗೆ ಹರವಿದೆ. ಚಿಗುರನ್ನು ಚಿವುಟಿದಂತೆ ಸಂಕಟವಾಯಿತು, ಆದರೂ ಮಾಡಿದೆ. ಈ ಸಲ ಹಿಟ್ಟು ಎಷ್ಟು ಹಾಕಿದರೂ ಅಂಬಲಿ ತೆಳ್ಳಗೇ ಉಳಿಯಿತು, ತಾನಾಗಿಯೇ ಸಿಹಿಯಾಗಿತ್ತು. ಅಕ್ಕ ಲೋಟ ಬರಿದು ಮಾಡಿ ಮುಂದೆ ಚಾಚಿದಳು. ಅಂದಿನಿಂದ ದಿನವೂ ಕುಡಿದಳು. ಆ ದಿನಗಳಲ್ಲಿ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ.

ಬಾಗಲಕೋಟೆಯಲ್ಲಿ ತಕ್ಕಡಿಯ ಮುಳ್ಳು ಮೇಲೇರಿದಾಗ ಅಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಅವಳನ್ನು ಹೊರಗೆ ಕೂರಿಸಿ ಬಂದ ನನಗೆ ಮೆಲ್ಲಗೆ ಹೇಳಿದರು: "ಇದು ಮೈಗೆ ಹತ್ತಿದ ತೂಕ ಅಲ್ರಿ. ಹೊಟ್ಯಾಗ ನೀರು ತುಂಬೇತಿ. ಇನ್ನ ಇಂಜೆಕ್ಷನ್ ಬ್ಯಾಡ್ರಿ, ಮನಿಯಾಗ ಆರಾಮ ಇಟ್ಕೋರಿ."

"ಏನಂದ್ರು?" ಎಂದು ಕೇಳಿದಳು ಅಕ್ಕ.

"ಇಂಜೆಕ್ಷನ್ ಸಾಕಂತ."

ಅವಳು ಅದನ್ನು ಒಳ್ಳೆಯ ಸುದ್ದಿಯೆಂದೇ ತಿಳಿದಳು. ನಾನು ತಿದ್ದಲಿಲ್ಲ. ಬಸ್ಸು ಅಮೀನಗಡದಲ್ಲಿ ನಿಂತಾಗ ನನ್ನ ತೋಳು ಹಿಡಿದು ಅಲುಗಿಸಿದಳು. "ಇಳಿ, ಕರದಂಟು ತೊಗೊಂಬಾ. ಓಣಿಗೆಲ್ಲಾ ಹಂಚೂಣು. ನಿನ್ನ ಗೋದಿ ನನ್ನ ಉಳಿಸ್ತು ನೋಡು."

ಇಳಿದೆ. ಕಿಟಕಿಯಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಇಷ್ಟೊಂದು ಕಟ್ಟಿಸುತ್ತಿದ್ದೀರಲ್ಲ, ಏನು ವಿಶೇಷ ಎಂದು ಅಂಗಡಿಯವನು ಕೇಳಿದ.

"ನಮ್ಮ ಅಕ್ಕಗ ಆರಾಮ ಆಗೇತ್ರಿ" ಎಂದೆ, ಅವಳಿಗೂ ಕೇಳುವಷ್ಟು ಜೋರಾಗಿ.