ಅಲ್ಲಾಡಿಸಿ ನೋಡುತ್ತಿದ್ದ ರುದ್ರಪ್ಪ

ರುದ್ರಪ್ಪನ ಕೈಗೆ ಏನು ಕೊಟ್ಟರೂ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ಕೊಬ್ಬರಿ ವ್ಯಾಪಾರದವನು. ಅಟ್ಟದ ಮೇಲೆ ಒಣಗೋಕಿಟ್ಟ ಕಾಯಿ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ, ಸುಮ್ಮನಿದ್ದರೆ ಇನ್ನೂ ಹಸಿ. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಎಲ್ಲಕ್ಕೂ ಅವನದು ಅದೇ ಪರೀಕ್ಷೆ.

ನಮ್ಮ ತೋಟದ ಕಾಯಿ ಕೊಳ್ಳುತ್ತಿದ್ದವನು ಅವನೇ. ನುಗ್ಗೇಹಳ್ಳಿ ಬಸ್ ಸ್ಟಾಂಡಿನ ಎದುರು ಇಬ್ಬರೂ ಸಮಪಾಲು ಹಾಕಿ ಫೋನಿನ ಅಂಗಡಿ ಇಟ್ಟೆವು. ನನಗೆ ಸಹಿ ಹಾಕುವಷ್ಟು ಅಕ್ಷರ ಬರುತ್ತಿತ್ತು. ವ್ಯಾಪಾರಕ್ಕೆ ಅಷ್ಟು ಸಾಕು. ಆಗ ಮೊಬೈಲು ಎರಡು ಥರ. ಒಂದಕ್ಕೆ ಸಿಮ್ ಹಾಕಬೇಕು. ಇನ್ನೊಂದಕ್ಕೆ ಸಿಮ್ಮೇ ಇಲ್ಲ, ನಂಬರು ಸೆಟ್ಟಿನ ಹೊಟ್ಟೆಯೊಳಗೇ ಇರುತ್ತದೆ. ಎರಡೂ ಕಂಪನಿಯವರು ಬಂದು ಕೂತರು. ಇದ್ದ ಬಂಡವಾಳ ಯಾವುದಕ್ಕೆ ಹಾಕುವುದು?

ರುದ್ರಪ್ಪ ಎರಡನ್ನೂ ಅಲ್ಲಾಡಿಸಿದ. ಆಮೇಲೆ ತೋಟಕ್ಕೆ ಒಯ್ದು ಪಂಪ್ ಮನೆ ಹತ್ತಿರ ನಿಂತು ಮಾತಾಡಿ ಬಂದ. ಸಿಮ್ ಇಲ್ಲದ್ದರಲ್ಲಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿತಂತೆ, ಸಿಮ್ಮಿನದಕ್ಕೆ ಬದು ಹತ್ತಬೇಕಾಯಿತಂತೆ.

"ಇದು ಆಗಿರೋ ಕಾಯಿ ಕಣಕ್ಕಾ. ಅದಿನ್ನೂ ಹಸಿ," ಅಂದ.

ನಾನು ಒಪ್ಪಲಿಲ್ಲ. ಇನ್ನೊಂದು ಟವರ್ ಬಂದರೆ ಸಿಮ್ಮಿನದರಲ್ಲೂ ಕೇಳಿಸುತ್ತೆ. ನಮ್ಮ ಕಡೆ ಸೆಟ್ಟು ಕೆರೆಗೂ ಬೀಳುತ್ತೆ, ಕಲಗಚ್ಚಿಗೂ ಬೀಳುತ್ತೆ, ಅದರ ಜೊತೆ ನಂಬರೂ ಹೋಗುತ್ತೆ. ತವರಿಗೆ ಹೋಗೋಳು ಗಂಡನ ಸೆಟ್ಟು ಕಿತ್ತುಕೊಂಡು ಹೋಗೋಕಾಗುತ್ತಾ? ಸಿಮ್ ಆದರೆ ಎಲಡಿಕೆ ಚೀಲದಲ್ಲಿ ಹಾಕಿಕೊಂಡು ಹೋಗಿ ತಮ್ಮನ ಸೆಟ್ಟಿಗೆ ಹಾಕ್ತಾಳೆ.

"ನಂಬರು ಮನುಷ್ಯಂದಾಗಿರ್ಬೇಕು ಕಣೋ, ಸೆಟ್ಟಿಂದಲ್ಲ," ಅಂದೆ.

ವಾರವೆಲ್ಲ ಜಗಳ. ಬಸ್ಸಿಗೆ ಕಾಯೋರೆಲ್ಲ ಪಂಚಾಯ್ತಿಗೆ ನಿಂತರು. ಪಾಲು ತಗೊಂಡು ಬಾಗಿಲು ಹಾಕೋಣ ಅಂತ ನಾನೇ ಅಂದುಬಿಟ್ಟೆ. ಅವನು ತಲೆ ಕೆರೆದುಕೊಂಡ.

"ಅಂಗ್ಡಿ ಒಡೆಯಾದು ಬ್ಯಾಡ, ಮೇಜು ಒಡೆಯಾಣ. ನಿಂದು ನೀನ್ ಮಾರು, ನಂದು ನಾನ್ ಮಾರ್ತೀನಿ. ಬಾಡ್ಗೆ, ಕಾಫಿ ಮಾತ್ರ ಒಂದೇ."

ಮೊದಮೊದಲು ಅವನ ಮೇಜಿಗೇ ಜನ. ಮಾದೇವಕ್ಕಂಗೆ ಕಾಫಿ ಕೊಡ್ರಪ್ಪ, ನೊಣ ಓಡ್ಸಿ ಸುಸ್ತಾಗೈತೆ ಅಂತ ನನಗೆ ಕೇಳಿಸುವಂತೆ ಅನ್ನುತ್ತಿದ್ದ. ಆಮೇಲೆ ಟವರ್ ಬಂತು, ನನ್ನ ಮೇಜು ತುಂಬಿತು. ಕೊನೆಗೆ ಅವನ ಕಂಪನಿ ಆ ಥರದ್ದನ್ನೇ ನಿಲ್ಲಿಸಿತು. ಉಳಿದ ಸೆಟ್ಟುಗಳನ್ನು ಮೂಟೆ ಕಟ್ಟಿ ಕೊಬ್ಬರಿ ಅಟ್ಟಕ್ಕೆ ಹಾಕಿದ. ಸೋತೆ ಅನ್ನಲಿಲ್ಲ.

"ಸೆಟ್ಟಿಂದೇನ್ ತಪ್ಪಿಲ್ಲ ಕಣಕ್ಕಾ. ದನಿ ಕೊಡೋರೇ ಮನೆ ಖಾಲಿ ಮಾಡ್ಕಂಡೋದ್ರು."

ಮಾರನೇ ದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅವತ್ತಿನಿಂದ ನನ್ನ ಸಿಮ್ಮುಗಳನ್ನು ಬೈಯುತ್ತಲೇ ಮಾರಿದ, ನನಗಿಂತ ಜಾಸ್ತಿ ಮಾರಿದ.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ನೋಡೋಕೆ ಹೋಗಿ, ಹೊಸದಾಗಿ ಬಂದ ಫೈವ್ ಜಿ ಸೆಟ್ಟು ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದ.

"ಹಸಿ ಕಣಕ್ಕಾ," ಅಂದು ವಾಪಸ್ ಕೊಟ್ಟ. ಆಮೇಲೆ ತಿಂಗಳು ದಾಟಲಿಲ್ಲ.

ಮೊನ್ನೆ ಕಂಪನಿಯ ಹುಡುಗನೊಬ್ಬ ವೈಫೈ ಡಬ್ಬಿ ಹಿಡಿದುಕೊಂಡು ಬಂದ. ಮನೆಮನೆಗೆ ಇಂಟರ್‌ನೆಟ್ಟು ತಂತಿ ಎಳೆದು ಕೊಡೋದೋ, ತಂತಿಯಿಲ್ಲದೆ ಟವರ್‌ನಿಂದಲೇ ಕೊಡೋದೋ, ಯಾವುದಕ್ಕೆ ದುಡ್ಡು ಹಾಕ್ತೀರಮ್ಮ ಅಂದ. ತಂತಿಗೇ ಅಂದೆ. ಸರಿ ಅಮ್ಮ ಅಂದ. ಯಾರೂ ಎದುರಾಡಲಿಲ್ಲ. ಪಕ್ಕದ ಕುರ್ಚಿ ಖಾಲಿ. ಹಂಗೆ ಜಗಳವಿಲ್ಲದೆ ದುಡ್ಡು ಹಾಕಿ ನನಗೆ ಅಭ್ಯಾಸವಿಲ್ಲ.

ಹುಡುಗನ ಡಬ್ಬಿ ತಗೊಂಡು ಕಿವಿಗೆ ಹಿಡಿದು ಅಲ್ಲಾಡಿಸಿದೆ.