ಮಿಲೊನ್ಯಾ ಸುರಿದ ಎಣ್ಣೆ

ನಮ್ಮ ಬೆಟ್ಟದೂರಿನಲ್ಲಿ ಸ್ತಾನಿಯಾಳಷ್ಟು ಚೆನ್ನಾಗಿ ಗಾಡಿ ಓಡಿಸುವ ಗಂಡಸು ಇರಲಿಲ್ಲ. ಗಂಡ ವುಕೋತನ ಮೂತ್ರಪಿಂಡ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಅವನನ್ನು ಹಳೇ ಕಾರಿನಲ್ಲಿ ಕೂರಿಸಿಕೊಂಡು, ಘಟ್ಟ ದಾಟಿ, ನಿಕ್ಷಿಚ್ ಪೇಟೆಗೆ ಡಯಾಲಿಸಿಸ್‌ಗೆ ಒಯ್ಯುತ್ತಿದ್ದಳು. ಹಿಮ ಬಿದ್ದರೆ ಬಸ್ಸಾಗಲಿ ಆಸ್ಪತ್ರೆಯ ಗಾಡಿಯಾಗಲಿ ನಮ್ಮ ಕಡೆ ತಲೆ ಹಾಕುವುದಿಲ್ಲ. ಆ ಕಾರು ನಿಂತರೆ ವುಕೋತ ಉಳಿಯುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು.

ಬೇಸಿಗೆಯಲ್ಲಿ ಅದರ ಗೇರ್ ಬಾಕ್ಸ್ ಊಳಿಡತೊಡಗಿತು. ರಿಪೇರಿಗೆ ಮಿಲೊನ್ಯಾ ಬಂದ. ಅವನು ಇವರ ಕೂಮ. ಇವರ ಮಗಳ ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿ ಹಿಡಿದವನು. ನಮ್ಮಲ್ಲಿ ಕೂಮ ಒಡಹುಟ್ಟಿದವನಿಗಿಂತ ಹೆಚ್ಚು. ಕೂಮನ ಕೈಯಲ್ಲಿ ಸ್ಪ್ಯಾನರ್ ಇರುವಾಗ ಬೇರೆ ಮೆಕ್ಯಾನಿಕ್‌ನ ಹತ್ತಿರ ಹೋದರೆ ಅವನ ಮುಖಕ್ಕೆ ಉಗಿದ ಹಾಗೆ.

ಮಿಲೊನ್ಯಾ ಹಳೇ ಎಣ್ಣೆ ಇಳಿಸಿ, ಕೊಟ್ಟಿಗೆಯಲ್ಲಿದ್ದ ಡಬ್ಬಿ ತಂದು ಸುರಿದ. ಡಬ್ಬಿಯ ಮೇಲೆ ಲಾರಿಯ ಹಿಂದಿನ ಆಕ್ಸಲ್‌ನ ಚಿತ್ರವಿತ್ತು. ಸ್ತಾನಿಯಾ ಅದನ್ನು ನೋಡಿದಳು.

"ಕೂಮ, ಇದು ಗೇರ್ ಬಾಕ್ಸ್‌ಗೆ ಆಗುತ್ತಾ?"

"ಮಂದ ಇದ್ದಷ್ಟೂ ಒಳ್ಳೇದು ಕಣಮ್ಮ. ಪಾಯಸ ತೆಳ್ಳಗಿದ್ರೆ ಯಾರಾದ್ರೂ ತಿಂತಾರಾ?"

ವುಕೋತ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ಒಳಗಿನಿಂದ ರಾಕಿಯಾ ಸಾರಾಯಿ ತಂದಿಟ್ಟಳು. ಸದ್ದು ನಿಜಕ್ಕೂ ನಿಂತುಹೋಯಿತು. ಮಿಲೊನ್ಯಾ ನನ್ನ ಅಂಗಡಿಗೆ ಬಂದು ಅದನ್ನೇ ಹೇಳಿಕೊಂಡು ಜಂಬ ಕೊಚ್ಚಿದ.

ಚಳಿ ಶುರುವಾದಾಗ ಎರಡನೇ ಗೇರ್ ಕರಕರ ಎನ್ನತೊಡಗಿತು. ಇನ್ನೂ ಮಂದದ್ದು ಬೇಕು ಎಂದ ಮಿಲೊನ್ಯಾ, ಮತ್ತೆ ಸುರಿದ. ಹಿಮ ಬಿದ್ದ ಒಂದು ಬೆಳಿಗ್ಗೆ ಘಟ್ಟದ ತಿರುವಿನಲ್ಲಿ ಎರಡನೇ ಗೇರ್ ಬೀಳಲೇ ಇಲ್ಲ. ಮೂರರಲ್ಲಿ ಕಾರು ಏರಲಾರದು. ಸ್ತಾನಿಯಾ ಅಳುತ್ತಾ ಒಂದನೇ ಗೇರ್‌ನಲ್ಲೇ ತೆವಳಿಸಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ವುಕೋತನ ಸರದಿ ಇನ್ನೊಬ್ಬನ ಪಾಲಾಗಿತ್ತು. ನಾಳೆ ಬನ್ನಿ ಎಂದರು.

ವುಕೋತ ಬೇಡ ಬೇಡ ಎನ್ನುತ್ತಿದ್ದರೂ ಅವಳು ಕಾರನ್ನು ನೇರ ಪೇಟೆಯ ಗ್ಯಾರೇಜಿಗೆ ನುಗ್ಗಿಸಿದಳು. ಇಳಿಸಿದ ಎಣ್ಣೆಯ ತುಂಬ ಚಿನ್ನದ ಬಣ್ಣದ ಪುಡಿ. ಆಕ್ಸಲ್ ಎಣ್ಣೆ ಒಳಗೆ ಗೇರ್ ಕೂಡಿಸುವ ಹಿತ್ತಾಳೆ ಬಳೆಗಳನ್ನು ತಿಂದುಹಾಕಿದೆ, ಈಗ ಸರಿಯಾದ ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ, ಹೊಸ ಬಳೆ ಬರಲು ವಾರವಾದರೂ ಬೇಕು ಎಂದರು. ಇಬ್ಬರೂ ಯಾರದೋ ಸೌದೆ ಲಾರಿ ಹತ್ತಿ ಊರಿಗೆ ಬಂದರು.

ಮರುದಿನ ವುಕೋತನ ಕಾಲು ಊದಿ ಬೂಟು ಹತ್ತಲಿಲ್ಲ. ಘಟ್ಟ ಏರುವ ಇನ್ನೊಂದು ಕಾರು ಊರಿನಲ್ಲಿದ್ದದ್ದು ಮಿಲೊನ್ಯಾನದು ಮಾತ್ರ. ಸ್ತಾನಿಯಾ ಅವನ ಬಾಗಿಲಿಗೆ ಹೋದಳು. ಗ್ಯಾರೇಜಿನ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಅವನು ತಲೆ ಎತ್ತದೆ ಕಾರು ತೆಗೆದ. ನೀರು ನೋಡಲು ಬಾನೆಟ್ ಎತ್ತಿದಾಗ ಒಳಗೆ ಅದೇ ಗ್ಯಾರೇಜಿನ ಸರ್ವಿಸ್ ಚೀಟಿ ಅಂಟಿಸಿದ್ದು ಅವಳ ಕಣ್ಣಿಗೆ ಬಿತ್ತು.

"ನಿನ್ನ ಕಾರನ್ನ ನೀನು ಅಲ್ಲಿಗೆ ಕೊಡ್ತೀಯಾ, ಕೂಮ?"

"ನಂಗೆ ಇಂಥದ್ದೆಲ್ಲ ಬರಲ್ಲ," ಎಂದ ಅವನು ಮೆಲ್ಲಗೆ. "ನೀವು ಕೂಮ ಅಂತ ಕರೆದ್ರಿ. ಬರಲ್ಲ ಅಂತ ಹೆಂಗೆ ಹೇಳ್ಲಿ?"

ಅವಳಿಗೆ ಅವನ ಕೊರಳು ಹಿಸುಕಬೇಕೆನಿಸಿತು. ಆದರೆ ಓಡಿಸುವವನು ಅವನೇ.

ಘಟ್ಟದಲ್ಲಿ ಎರಡನೇ ಗೇರ್ ಸದ್ದಿಲ್ಲದೆ ಬಿತ್ತು. ಮುಂದಿನ ಸೀಟಿನಲ್ಲಿ ವುಕೋತ ಏದುಸಿರು ಬಿಡುತ್ತಾ ಮಿಲೊನ್ಯಾನ ಕೈ ಹಿಡಿದುಕೊಂಡ.

"ಹೆಂಗಸು, ಗಾಬರಿಯಲ್ಲಿ ಗ್ಯಾರೇಜಿಗೆ ಹೋಗ್ಬಿಟ್ಳು. ಅವಳ ತಪ್ಪನ್ನ ಹೊಟ್ಟೆಗೆ ಹಾಕ್ಕೋ, ಕೂಮ."

ಹಿಂದೆ ಕೂತ ಸ್ತಾನಿಯಾ ಕಿಟಕಿಯ ಮಂಜು ಒರೆಸಿದಳು. ಮಿಲೊನ್ಯಾ ಅವಳನ್ನು ಕ್ಷಮಿಸಿದ.