ತಪ್ಪು ನೀರಿನದಲ್ಲ

ಅತ್ತಿಗೆ, ನೀವು ಕಾಲು ತೊಳೆದದ್ದರಿಂದ ಅಣ್ಣ ಸಾಯಲಿಲ್ಲ. ಅದು ನಾನು ನಿಮ್ಮ ತಲೆಯಲ್ಲಿ ಬಿತ್ತಿದ ಸುಳ್ಳು.

ಅಣ್ಣನ ಹೆಬ್ಬೆರಳು ಕಪ್ಪಾದ ವರ್ಷ ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಅವನು ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಒಟ್ಟುತ್ತಿದ್ದ. ಬಾಯಲ್ಲಿ ಬೀಡಿ ಆರಲು ಬಿಡುತ್ತಿರಲಿಲ್ಲ. ಬೀಡಿಯಿಂದ ಕಾಲಿನ ರಕ್ತನಾಳ ಮುಚ್ಚಿಹೋಗಿದೆ, ಪಾದ ತೆಗೆಯಬೇಕು, ಸೋಮವಾರ ಬನ್ನಿ ಎಂದರು ಡಾಕ್ಟರು. ನೀವು ಅತ್ತಿರಿ, ಆದರೂ ಒಪ್ಪಿದಿರಿ. ಒಪ್ಪದೆ ಹೋದವಳು ನಾನು.

ಆ ವಾರವೇ ಪ್ರಯೋಗಾಲಯದ ನಮ್ಮ ಮೇಡಂ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಮನುಷ್ಯರ ರಕ್ತನಾಳ ಬೆಳೆಸುವ ಒಂದು ಪ್ರೋಟೀನು — ಮನುಷ್ಯರಿಂದ ತೆಗೆದದ್ದಲ್ಲ, ಬ್ಯಾಕ್ಟೀರಿಯಾದೊಳಗೆ ತಯಾರಿಸಿದ್ದು. ಅದನ್ನು ಹಾಕಿದ ತಟ್ಟೆಯಲ್ಲಿ ಜೀವಕೋಶಗಳು ರಾಗಿ ಪೈರಿನ ಬೇರಿನ ಹಾಗೆ ಎಳೆಎಳೆಯಾಗಿ ಹಬ್ಬಿದ್ದವು. ಅದು ತಟ್ಟೆ, ಕಾಲಲ್ಲ — ಅಷ್ಟು ನನಗೆ ತಿಳಿಯಬೇಕಿತ್ತು. ತಿಳಿದಿತ್ತು ಕೂಡ. ಆ ಪ್ರೋಟೀನಿನ ಶೀಷೆಯ ಮೇಲಿನ ಚೀಟಿ ಓದುವಷ್ಟು ಇಂಗ್ಲಿಷು ನನಗೆ ಬರುತ್ತಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಚೀಟಿ ಎಬ್ಬಿಸುವುದು ನನ್ನ ದಿನದ ಕೆಲಸ. ಇದನ್ನೂ ಎಬ್ಬಿಸಿದೆ. ಐಸು ತುಂಬಿದ ಫ್ಲಾಸ್ಕಿನಲ್ಲಿ ಶೀಷೆ ಇಟ್ಟುಕೊಂಡು ಹುಣಸೂರು ಬಸ್ಸು ಹತ್ತಿದೆ.

ಹೆಬ್ಬೆರಳಿನ ಗಾಯಕ್ಕೆ ಅದನ್ನು ಹನಿಹನಿಯಾಗಿ ಬಿಡುವಾಗ ಅಣ್ಣ ನಕ್ಕ. "ಇಷ್ಟೇನವ್ವಾ? ಕೋಳಿಮರಿ ಕಣ್ಣೀರಿದ್ದಂಗೈತಲ್ಲ!"

"ದೊಡ್ಡ ಡಾಕ್ಟ್ರು ಕೊಟ್ಟವ್ರೆ. ಹದಿನೈದು ದಿನ ತಡ್ಕೊ ಅಣ್ಣ, ಕಾಲು ಕುಯ್ಸೋದು ಬ್ಯಾಡ," ಎಂದೆ. ಯಾವ ಡಾಕ್ಟರೂ ಕೊಟ್ಟಿರಲಿಲ್ಲ.

ನೀವು ನನ್ನ ಕೈ ಹಿಡಿದುಕೊಂಡು, "ಓದ್ದೋರ ಜತೇಲಿರೋಳು ಕಣವ್ವ ನೀನು, ನಿಂಗೆ ಗೊತ್ತಿರ್ತದೆ ಬುಡು," ಎಂದಿರಿ. ಸೋಮವಾರ ದಾಟಿಹೋಯಿತು.

ಹನ್ನೊಂದನೆಯ ದಿನ ಎಸ್‌ಟಿಡಿ ಬೂತಿನಿಂದ ನಿಮ್ಮ ಫೋನು. "ಕಪ್ಪು ಮಂಡಿಗಂಟ ಏರೈತೆ ಕಣವ್ವ, ಜ್ವರ ಬುಡ್ತಾನೇ ಇಲ್ಲ." ಆಗಲಾದರೂ ನಿಜ ಹೇಳಬಹುದಿತ್ತು. ನನ್ನ ಕೆಲಸ, ನನ್ನ ಕಳವು, ಮೇಡಂ ಮುಖ — ಎಲ್ಲ ಒಟ್ಟಿಗೆ ನುಗ್ಗಿ, ಬಾಯಿಂದ ಬಂದದ್ದು ಒಂದೇ ಮಾತು:

"ಕಾಲಿಗೆ ನೀರು ಸೋಕ್ಸಿದ್ರಾ ಅತ್ತಿಗೆ?"

ನೀವು ಮೆಲ್ಲಗೆ ಅಂದಿರಿ, "ವಾಸ್ನೆ ಬತ್ತಿತ್ತು... ಒಂದ್ಸಲ ತೊಳ್ದೆ."

ನಾನು "ಅಯ್ಯೋ" ಎಂದೆ. ಅಷ್ಟೇ. ಅಷ್ಟು ಸಾಕಾಯಿತು.

ಅಣ್ಣನನ್ನು ಮೈಸೂರಿನ ಆಸ್ಪತ್ರೆಗೆ ತರುವಷ್ಟರಲ್ಲಿ ನಂಜು ಮೈಗೆಲ್ಲ ಹರಡಿತ್ತು. ಹೇಳಿದ ದಿನ ಯಾಕೆ ತರಲಿಲ್ಲ ಎಂದು ಡಾಕ್ಟರು ಕೇಳಿದಾಗ ನೀವು ನನ್ನತ್ತ ನೋಡಲಿಲ್ಲ. ನಿಮ್ಮ ಅಂಗೈ ನೋಡಿಕೊಂಡಿರಿ. ಮೂರನೆಯ ದಿನ ಅಣ್ಣ ಹೋದ.

ವರ್ಷ ವರ್ಷವೂ ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡುವಾಗ ಎಲ್ಲವನ್ನೂ ನೀವೇ ಬಡಿಸುತ್ತೀರಿ. ನೀರಿನ ಚೆಂಬನ್ನು ಮಾತ್ರ ನನ್ನ ಕಡೆ ಸರಿಸುತ್ತೀರಿ. "ನೀರು ನೀನೇ ಇಡವ್ವ. ನನ್ ಕೈದು ಬ್ಯಾಡ." ಇಟ್ಟಿದ್ದೇನೆ, ಅತ್ತಿಗೆ. ಇಷ್ಟು ವರ್ಷ — ನಿಮ್ಮ ಎದುರಿಗೇ ಕೂತು, ಬಾಯಿ ಬಿಡದೆ — ಇಟ್ಟಿದ್ದೇನೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಅಣ್ಣ ಬರುವುದಿಲ್ಲ. ನಿಮ್ಮ ಕೈಗೆ ನೀವೇ ಹೇಸಿಕೊಂಡು ಕಳೆದ ವರ್ಷಗಳೂ ಬರುವುದಿಲ್ಲ. ಇದನ್ನು ಓದಿದ ಮೇಲೆ ನಿಮ್ಮ ಹೊಸ್ತಿಲು ನನಗೆ ಇಲ್ಲ, ಗೊತ್ತು.

ಈ ಸಲ ಎಡೆಗೆ ನಾನು ಬರುವುದಿಲ್ಲ. ನೀರು ನೀವೇ ಇಡಿ.